ಅಗಲ ಪಟ್ಟಿ

ಬುಧವಾರ, ೧೨ ಫೆಬ್ರುವರಿ

ಇವತ್ತು ಮೊಮ್ಮಗಳಿಗೆ ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಭಾಗ್ಯಜ್ಯೋತಿ ಮದುವೆಗಳ ಫೋಟೋ ತೆಗೆಯುತ್ತಾಳೆ. ಭಾನುವಾರ ಇಂಡಿ ಊರಿನಿಂದ ಬಂದಾಗ ಕ್ಯಾಮೆರಾ ಪಟ್ಟಿ ಉಜ್ಜಿ ಕುತ್ತಿಗೆ ಮೇಲೆ ಕೆಂಪು ಗೆರೆ ಎದ್ದಿತ್ತು. ಎರಡು ಹೊಸ ಪಟ್ಟಿ ನನ್ನ ಕೈಗೆ ಕೊಟ್ಟು, "ಆಯಿ, ಹೊರಿ ಹೊತ್ತ ಹೆಗಲ ನಿಂದು. ಯಾವುದು ಛಲೋ ನೀನ ಹೇಳು" ಎಂದು ಹೋದಳು.

ನಾನು ಕ್ಯಾಮೆರಾ ಎಲ್ಲಿಂದ ತರಲಿ? ಅಷ್ಟೇ ತೂಕದ ಜೋಳವನ್ನು ಚೀಲಕ್ಕೆ ತುಂಬಿ ಪಟ್ಟಿಗೆ ಕಟ್ಟಿದೆ. ಸಣ್ಣ ಪಟ್ಟಿ ಕಸ ಗುಡಿಸುವಷ್ಟರಲ್ಲೇ ಹೆಗಲು ಕೊಯ್ದಿತು. ಅಗಲದ್ದನ್ನು ಅಡ್ಡ ಹಾಕಿಕೊಂಡೆ, ಸಂಜೆವರೆಗೂ ನೋವಿಲ್ಲ. ಪಕ್ಕದ ಮನೆಯ ಕಾಶಿಬಾಯಿ ನೋಡಿ, "ಏನಬೇ ಸಿದ್ದಲಿಂಗವ್ವ, ಕಂಡಕ್ಟರ್ ಆದೇನು?" ಎಂದಳು. "ಹೌದು, ಟಿಕೀಟ ತೊಗೊಂಡು ಬಾಯಿ ಮುಚ್ಚಿ ಕುಂದ್ರು" ಎಂದೆ.

ನಡೆಯುವಾಗ ಆ ಚೀಲ ಸೊಂಟಕ್ಕೆ ಒತ್ತಿ ಕೂರುತ್ತಿತ್ತು. ಚಿಕ್ಕವಳಿದ್ದಾಗ ಭಾಗ್ಯಜ್ಯೋತಿಯೂ ಅಲ್ಲೇ ಕೂರುತ್ತಿದ್ದಳು. ಎರಡು ಸಲ ಜೋಳದ ಚೀಲವನ್ನು ತಟ್ಟಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಸಂಜೆ ಫೋನ್ ಬಂತು. "ಯಾವುದು ಆಯಿ? ಹೇಳಿದ್ರ ಬಸ್ಸಿನ್ಯಾಗ ತರಿಸ್ಕೋತೇನಿ."

ಹೇಳಿದರೆ ಪಟ್ಟಿ ಹೋಗುತ್ತದೆ, ಅವಳು ಬರುವುದಿಲ್ಲ. "ಇನ್ನೂ ತಿಳೀವಲ್ದು, ನೀನ ಬಂದು ಹಾಕ್ಕೊಂಡು ನೋಡು" ಎಂದುಬಿಟ್ಟೆ.

"ಮದುವಿ ಸೀಜನ್ ಐತಿ ಆಯಿ, ಮುಂದಿನ ತಿಂಗಳ ಬರ್ತೇನಿ" ಎಂದಳು. ಅಲ್ಲಿವರೆಗೂ ಆ ಕುತ್ತಿಗೆಗೆ ಹಳೆಯ ಪಟ್ಟಿಯೇ.

ಬೆಳಿಗ್ಗೆ ಮೊದಲ ಬಸ್ಸಿಗೆ ಅಗಲದ್ದನ್ನು ಕಳಿಸಬೇಕು. ಬಿಚ್ಚಿ ಮಡಚಿ ಇಟ್ಟಿದ್ದೇನೆ. ಜೋಳವನ್ನು ಮಾತ್ರ ಇನ್ನೂ ಡಬ್ಬಿಗೆ ಸುರಿದಿಲ್ಲ.