ಬೀಗ ಹಾಕಿ ಬಂದ ಬಿಲ್ಲು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಚೂಟಿಗೆ,

ಈ ಭೂಮಂಡಲದಲ್ಲಿ ನಿನ್ನ ಮಾವನ ಕೈಗೆ ಬಗ್ಗದ ಬೀಗವಿಲ್ಲ. ಮೂರು ದೇಶದ ಅರಸರು ಖಜಾನೆಯ ಕೀಲಿಗಾಗಿ ನನ್ನ ಅಂಗಡಿಯ ಮುಂದೆ ಸಾಲು ನಿಂತಿದ್ದರು. ಅದು ಹಾಗಿರಲಿ. ನಿನ್ನ ಆರೋಗ್ಯ ಹೇಗಿದೆ? ಹಡಗಿನ ಯಂತ್ರದ ಕೋಣೆಯ ಶಾಖಕ್ಕೆ ತಲೆನೋವು ಬರುತ್ತಿತ್ತಲ್ಲ, ಕಡಿಮೆಯಾಯಿತೇ? ಬಂದರು ಮುಟ್ಟಿದ ಕೂಡಲೇ ಹೊಟ್ಟೆತುಂಬ ಊಟ ಮಾಡು, ಬೇರೆ ಏನನ್ನೂ ನೋಡಬೇಡ. ಯಾಕೆಂದು ಹೇಳುತ್ತೇನೆ, ತಾಳು.

ಹೋದ ವಾರ ಅಂಗಡಿಯ ಕಂಪ್ಯೂಟರಿಗೆ ಒಂದು ಮೇಲ್ ಬಂತು, ಹಿತ್ತಾಳೆ ಕೀಲಿಗಳ ಬಿಲ್ಲಂತೆ. ನಾನು ಕೀಲಿ ತರಿಸಿರಲೇ ಇಲ್ಲ. ಕಳಿಸಿದವನ ವಿಳಾಸವೋ, ಬೆಕ್ಕು ಕೀಲಿಮಣೆಯ ಮೇಲೆ ನಡೆದಂತಿತ್ತು. ಅಷ್ಟಕ್ಕೇ ಅಳಿಸಿಹಾಕಬೇಕಿತ್ತು. ಆದರೆ ಮೇಲ್ ಜೊತೆಗಿದ್ದ ಬಿಲ್ಲಿಗೆ ಪಾಸ್‌ವರ್ಡಿನ ಬೀಗ ಹಾಕಿದ್ದರು ಕಣೇ! ಪಾಸ್‌ವರ್ಡನ್ನು ಕೆಳಗೇ ಕೊಟ್ಟಿದ್ದರು. ಮುಚ್ಚಿದ್ದನ್ನು ಕಂಡರೆ ನನ್ನ ಬೆರಳು ಸುಮ್ಮನಿರುತ್ತದೆಯೇ? ಬೀಗವಿದ್ದರೆ ಒಳಗಿನದು ಭದ್ರ ಎಂದು ಜನ್ಮವಿಡೀ ಹೇಳಿ ಬೀಗ ಮಾರಿದವನು ನಾನು. ನನ್ನ ಮಾತನ್ನು ನಾನೇ ನಂಬಿದೆ. ನಿನ್ನ ಅತ್ತೆ ಬಾಗಿಲಲ್ಲಿ ನಿಂತು, "ಏನ್ರೀ, ಗೊತ್ತಿಲ್ಲದೋರ ಗಂಟು ಬಿಚ್ತಾ ಕೂತಿದೀರಾ?" ಎಂದಳು. "ನಿಂಗೇನೇ ಗೊತ್ತು, ಸುಮ್ನಿರು" ಎಂದು ತೆರೆದೆ. ಏನನ್ನೋ ನಡೆಸಲು ಅನುಮತಿ ಕೊಡಿ ಎಂದಿತು ಕಂಪ್ಯೂಟರ್. ದೊಡ್ಡ ಮನಸ್ಸು ಮಾಡಿ ಕೊಟ್ಟೆ. ಒಳಗೆ ಖಾಲಿ ಹಾಳೆ.

ಆಮೇಲೆ ಬ್ಯಾಂಕಿನಿಂದ ಒಂದಿಷ್ಟು ಚಿಲ್ಲರೆ ಹೋಯಿತು, ಬಿಡು. ಕಂಪ್ಯೂಟರ್ ರಿಪೇರಿಯವಳು ಬಂದವಳೇ ಇಂಟರ್‌ನೆಟ್ಟಿನ ತಂತಿ ಕಿತ್ತು, ಬಿದ್ದುಬಿದ್ದು ನಕ್ಕಳು. "ಆ ಬೀಗ ನಿಮಗಲ್ಲ ಅಂಕಲ್, ಕಂಪ್ಯೂಟರ್ ಒಳಗೆ ವೈರಸ್ ಹುಡುಕೋ ಕಾವಲುಗಾರನಿಗೆ. ಮುಚ್ಚಿದ ಡಬ್ಬಿ ಒಳಗೆ ಅವನಿಗೇನೂ ಕಾಣಲ್ಲ. ಅನುಮಾನ ಬಂದ್ರೆ ಮುಟ್ಟಬೇಡಿ, ಕಳಿಸಿದೋರಿಗೇ ನಿಮ್ಮ ಹತ್ರ ಮೊದಲಿಂದ ಇರೋ ನಂಬರಲ್ಲಿ ಫೋನ್ ಮಾಡಿ ಕೇಳಿ" ಎಂದಳು. ಬೇರೆ ಯಂತ್ರದಲ್ಲಿ ಕೂತು ನನ್ನ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದಳು. ಮೊದಲೇ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ಅಂಚೆಯವನು ಬರುವ ಹೊತ್ತಾಯಿತು, ಕೂತಲ್ಲಿ ಕೂರಲಾಗುತ್ತಿಲ್ಲ. ಅತ್ತೆ ಕೇಳಿದಳೆಂದು ತಿಳಿ. ನಿನ್ನ ಹಡಗಿನ ಕೆಳಗಿನ ನೀರು ತಣ್ಣಗಿರಲಿ, ತಾಯಿ.

ನಿನ್ನ ಮಾವ,
ಬೀಗಗಳ ಚಕ್ರವರ್ತಿ

ತಾ.ಕ.: ತಂತಿ ಕೀಳುವ ಮೊದಲೇ ಅದೇ ಬಿಲ್ಲು ನನ್ನ ಹೆಸರಿನಲ್ಲಿ ನನಗೆ ಗೊತ್ತಿರುವ ಎಲ್ಲರಿಗೂ ಹೋಗಿದೆ, ನಿನಗೂ. ಹಡಗಿಗೆ ಫೋನ್ ಹತ್ತುವುದಿಲ್ಲ. ಮೇಲ್ ಮಾಡಿದರೆ ಮಾವ ಯಾರು, ಕಳ್ಳ ಯಾರು ಎಂದು ನಿನಗೆ ತಿಳಿಯದು. ಅದಕ್ಕೇ ಬಂದರಿನ ಕಚೇರಿಗೆ ಈ ಕಾಗದ. ಆ ಕಳ್ಳ ಮೇಲ್‌ನಲ್ಲಿ 'ಮಾನ್ಯರೇ' ಎಂದಿರುತ್ತದೆ. ನಾನು ನಿನ್ನನ್ನು ಎಂದಾದರೂ ಮಾನ್ಯಳೆಂದು ಕರೆದಿದ್ದೇನೆಯೇ? ಮಾವ ತಾನೇ ಎಂದು ತೆರೆದೀಯೆ, ಜೋಕೆ! ಮುಂದಿನ ಓದಿಗೆಂದು ನೀನು ಕೂಡಿಟ್ಟದ್ದೆಲ್ಲ ನೀರುಪಾಲಾದೀತು. ಚಿಲ್ಲರೆ ಎಂದೆನಲ್ಲ, ಅತ್ತೆಗೆ ಎರಡು ಸಾವಿರ ಎಂದಿದ್ದೇನೆ. ಹೋದದ್ದು ಮೂರು ಲಕ್ಷದ ಹನ್ನೆರಡು ಸಾವಿರ.