ಹುನಗುಂದದ ಬೆಲ್ಜಿಯಂ ಪಿಸ್ತೂಲು

ಇಳಕಲ್ಲು
14 ನವೆಂಬರ್ 2024

ನೀಲಾಳ ಅಪ್ಪನವರಿಗೆ, ಕಸ್ತೂರಿ ಮಾಡುವ ನಮಸ್ಕಾರಗಳು.

ಇತ್ತ ನಾನು ಕ್ಷೇಮ ಎಂದು ಬರೆದು ಆಮೇಲೆ ಹೊಡೆದು ಹಾಕಿದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದು, ಮೂರು ವರ್ಷದಿಂದ ಬೇರೆ ಇರುವವರಿಗೆ ಆ ಸಾಲು ಸುಳ್ಳಾಗಿ ಕಂಡಿತು. ನೀವು ಬಾದಾಮಿಯಲ್ಲಿ ನಿಮ್ಮ ಅಕ್ಕನ ಮನೆಯಲ್ಲಿ ಇದ್ದೀರಿ, ನಾನು ಇಲ್ಲಿ ನನ್ನ ಅಪ್ಪ ಕೊಟ್ಟ ಜಾಗದಲ್ಲಿ, ಕಲ್ಲು ಪಾಲಿಶ್ ಕಾರ್ಖಾನೆಯ ಹಿಂದೆ ನಾವು ಬಾಳಿದ ಅದೇ ಎರಡು ಕೋಣೆಗಳಲ್ಲಿ ಇದ್ದೇನೆ. ಫೋನು ಮಾಡದೆ ಪತ್ರ ಬರೆಯುತ್ತಿರುವುದಕ್ಕೆ ಕಾರಣ ಒಂದೇ. ಪತ್ರದಲ್ಲಿ ನಿಮಗೆ ನಡುವೆ ಬಾಯಿ ಹಾಕಲಿಕ್ಕೆ ಬರುವುದಿಲ್ಲ.

ನಿಮ್ಮ ಹತ್ತಿರ ಒಂದು ಸಲಹೆ ಕೇಳಬೇಕಾಗಿದೆ. ನಾನೊಂದು ಪಿಸ್ತೂಲು ಕೊಳ್ಳಬೇಕೋ ಬೇಡವೋ?

ನಗಬೇಡಿ. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿ ಬೀಳುವವಳಿಗೆ ಪಿಸ್ತೂಲು ಯಾಕೆ ಎಂದು ನಿಮ್ಮ ಅಕ್ಕನಿಗೆ ಓದಿ ಹೇಳಿ ನಗುತ್ತೀರಿ, ಗೊತ್ತು. ಆದರೆ ಪರವಾನಗಿ ಬಂದಿದೆ. ಒಬ್ಬಂಟಿ ಹೆಂಗಸು, ಊರ ಹೊರಗಿನ ಕಾರ್ಖಾನೆ, ಶನಿವಾರ ಶನಿವಾರ ಕೂಲಿಯವರ ಬಟವಡೆ ಎಂದು ಅರ್ಜಿಯಲ್ಲಿ ಬರೆದಿದ್ದೆ. ನನ್ನ ಫೋಟೋ ಅಂಟಿಸಿದ ಆ ಪುಸ್ತಕ ಈಗ ಮೇಜಿನ ಮೇಲಿದೆ. ಫೋಟೋದಲ್ಲಿ ನಾನು ಕಳ್ಳಿಯ ಹಾಗೆ ಕಾಣುತ್ತೇನೆ.

ಪಿಸ್ತೂಲು ಯಾರದು ಅಂದರೆ ನಿಮಗೆ ಗುರುತಿರುವವರದೇ. ಹುನಗುಂದದ ಖಾದರಬಾಷಾ ಅವರದು. ಲಾರಿ ಇಟ್ಟುಕೊಂಡಿದ್ದಾಗ ನಮ್ಮ ಕಲ್ಲು ಸಾಗಿಸುತ್ತಿದ್ದರಲ್ಲ, ಅವರೇ. ಅದು ಬೆಲ್ಜಿಯಂದು. ಹೊರದೇಶದ ಪಿಸ್ತೂಲು ಬರುತ್ತಿದ್ದ ಕಾಲದಲ್ಲಿ ಅವರ ಅಪ್ಪ ತಂದದ್ದು, ಅಪ್ಪನಿಂದ ಇವರಿಗೆ ಬಂದದ್ದು. ಈಗ ಅಂಥವು ಬರುವುದಿಲ್ಲವಂತೆ, ಅದಕ್ಕೇ ಹಳೆಯದಾದಷ್ಟೂ ಕೇಳುವವರು ಹೆಚ್ಚು. ಹನ್ನೆರಡು ವರ್ಷದ ಹಿಂದೆ ನೀವೂ ಇದನ್ನೇ ಕೇಳಲು ಹೋಗಿದ್ದಿರಿ. ಆಗ ನಿಮ್ಮ ಹೆಸರಿನಲ್ಲಿ ಹೊಡೆದಾಟದ ಕೇಸಿತ್ತು, ಪರವಾನಗಿ ಸಿಗಲಿಲ್ಲ. ತಿಂಗಳುಗಟ್ಟಲೆ ಮನೆಯಲ್ಲಿ ಅದೇ ಮಾತು ಆಡಿದಿರಿ. ಹೀಗಾಗಿ ಆ ಪಿಸ್ತೂಲಿನ ವಿಷಯ ನಿಮ್ಮಷ್ಟು ತಿಳಿದವರು ಬೇರೆ ಇಲ್ಲ.

ಈಗ ಇದೆಲ್ಲ ಯಾಕೆ ಬೇಕಾಯಿತು ಹೇಳುತ್ತೇನೆ. ಶ್ರಾವಣದಿಂದ ನಮ್ಮ ಮನೆಗೆ ಯಾರೋ ಬರುತ್ತಿದ್ದಾರೆ. ನಾನಿಲ್ಲದಾಗ, ಹಾಡುಹಗಲೇ ಬರುತ್ತಾರೆ. ಕಳವು ಮಾಡುವುದಿಲ್ಲ. ಮೊದಲ ಸಲ ಬಂದಾಗ ಹುಬ್ಬಳ್ಳಿಗೆ ಕಳಿಸಬೇಕಾಗಿದ್ದ ಹನ್ನೆರಡು ಸ್ಲ್ಯಾಬುಗಳ ಮೇಲೆ ಮೊಳೆಯಿಂದ ಗೀರಿದ್ದರು. ಎರಡನೆಯ ಸಲ ಪೆಟ್ಟಿಗೆಯಲ್ಲಿದ್ದ ನನ್ನ ಮದುವೆ ಸೀರೆಯ ಸೆರಗು ಕತ್ತರಿಸಿ, ನೀಟಾಗಿ ಮಡಿಸಿ, ದಿಂಬಿನ ಮೇಲೆ ಇಟ್ಟಿದ್ದರು. ಕೆಂಪು ರೇಷ್ಮೆಯ ಸೆರಗು, ನಿಮ್ಮ ಅವ್ವನೇ ಆರಿಸಿದ್ದು. ಅದನ್ನು ನೋಡಿ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮೂರನೆಯ ಸಲ ದಸರೆಯ ಮರುವಾರ. ಸಂತೆಯಿಂದ ಬಂದೆ. ಕಾರ್ಖಾನೆಯ ಅರ್ಬಾಜ ಹಿಟ್ಟಿನ ಚೀಲ ಹೊತ್ತು ಹಿಂದೆ ಬರುತ್ತಿದ್ದ. ಬಾಗಿಲು ತೆಗೆದು ನಾನು ಲೈಟಿನ ಬಟನ್ನಿಗೆ ಕೈ ಚಾಚಿದ್ದೆ. ಅವನು ಚೀಲ ಒಗೆದು ನನ್ನ ತೋಳು ಹಿಡಿದು ಅಂಗಳಕ್ಕೆ ಎಳೆದ. "ಅಕ್ಕಾರ, ಗ್ಯಾಸ್ ವಾಸನಿ! ಲೈಟ್ ಹಚ್ಚಬ್ಯಾಡ್ರಿ" ಎಂದ. ಒಲೆಯ ಎರಡೂ ತಿರುಪುಗಳು ಪೂರ್ತಿ ತೆರೆದಿದ್ದವು, ಕಿಟಕಿಗಳೆಲ್ಲ ಮುಚ್ಚಿದ್ದವು. ಹೊರಡುವಾಗ ನಾನು ಎರಡನ್ನೂ ನೋಡಿಯೇ ಹೋಗಿದ್ದೆ.

ಅವತ್ತಿನಿಂದ ನನಗೆ ಹೆದರಿಕೆ. ಇದನ್ನು ಸುತ್ತಿ ಬಳಸಿ ಹೇಳಲಾರೆ. ನೀರು ಕುಡಿಯುವ ಮೊದಲು ಮೂಸುತ್ತೇನೆ. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲು ತೆರೆದಿಟ್ಟುಕೊಳ್ಳುತ್ತೇನೆ. ಕಲ್ಲು ಕೊಯ್ಯುವ ಯಂತ್ರ ನಿಂತು ಕಾರ್ಖಾನೆ ಸುಮ್ಮನಾಯಿತೆಂದರೆ ಎದ್ದು ಕಿಟಕಿಗಳನ್ನೆಲ್ಲ ತೆರೆಯುತ್ತೇನೆ.

ಠಾಣೆಗೆ ಹೋದೆ. ಸಾಹೇಬರು ಒಳ್ಳೆಯವರು, ಕುರ್ಚಿ ಕೊಟ್ಟರು. "ಯಾರ ಮ್ಯಾಲ ಸಂಶಯ ಐತ್ರಿ?" ಎಂದು ಕೇಳಿದರು. ನಾನು "ಯಾರೋ ಗೊತ್ತಿಲ್ಲರಿ" ಎಂದೆ. ಗೊತ್ತಿಲ್ಲದವರನ್ನು ಅವರು ಎಲ್ಲಿ ಹುಡುಕಬೇಕು? ಅವತ್ತು ನನ್ನ ಜೊತೆಗಿದ್ದವನು ಅರ್ಬಾಜ. ಅವನನ್ನೇ ಕರೆಸಿ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂಡಿಸಿ ಕೇಳಿದ್ದನ್ನೇ ಕೇಳಿದರು. ಹನ್ನೊಂದು ವರ್ಷದಿಂದ ನಮ್ಮಲ್ಲಿ ದುಡಿಯುವವನು, ನನ್ನ ಜೀವ ಉಳಿಸಿದವನು. ಮರುದಿನ ಅವನು ಕೆಲಸಕ್ಕೆ ಬಂದ. ನನ್ನ ಮುಖ ಮಾತ್ರ ನೋಡಲಿಲ್ಲ.

ಕಳೆದ ಭಾನುವಾರ ಹುನಗುಂದಕ್ಕೆ ಹೋದೆ. ಖಾದರಬಾಷಾ ಪಿಸ್ತೂಲನ್ನು ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ ತಂದು, ಗುಂಡು ಇಲ್ಲವೆಂದು ಎರಡು ಸಲ ತೋರಿಸಿ, ಟೀಪಾಯಿ ಮೇಲೆ ಇಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಅಂಚಿನ ಕರಿ ಬಣ್ಣ ಸವೆದು ಬಿಳಿ ಕಬ್ಬಿಣ ಕಾಣುತ್ತಿತ್ತು. ಮೇಲಿನ ಭಾಗ ಹಿಂದಕ್ಕೆ ಎಳೆದರೆ ಗುಂಡು ಬಾಯಿಗೆ ಬರುತ್ತದೆ, ಎಳೆದು ನೋಡು ತಂಗೆವ್ವ ಎಂದರು. ನನಗೆ ಎಳೆಯಲು ಆಗಲಿಲ್ಲ. ಎಡಗೈ ಮುಂಗೈಯಲ್ಲಿ ಜೋರೇ ಇಲ್ಲ. ಸ್ಲ್ಯಾಬಿನ ಮೇಲೆ ಜಾರಿಬಿದ್ದು ಮುರಿದ ಕೈ ಎಂದು ಅವರಿಗೂ ಹೇಳಿದೆ. ದವಾಖಾನೆಯಲ್ಲಿ ಹೇಳಿದ್ದೂ ಅದನ್ನೇ, ನೀಲಾಳಿಗೆ ಹೇಳಿದ್ದೂ ಅದನ್ನೇ.

ಕೊನೆಗೆ ಅವರೇ ಎಳೆದುಕೊಟ್ಟು, ಅಂಗಳದ ಮೂಲೆಯಲ್ಲಿದ್ದ ಎಣ್ಣೆ ಡಬ್ಬಿ ತೋರಿಸಿದರು. "ಡಬ್ಬಿ ಅಂತ ತಿಳಿಬ್ಯಾಡ. ನಿನ್ನ ಕೊಲ್ಲಾಕ ಬಂದವ್ನ ಮುಖ ನೆನಸಿ ಹಿಡಿ. ಮುಖ ನೆನಸಿದ ಮ್ಯಾಲ ಕೈ ನಿಂತ್ರ ತಗೋ, ನಿಲ್ಲಲಿಲ್ಲಂದ್ರ ಬ್ಯಾಡ" ಎಂದರು. ನಾನು ನೆನೆದೆ. ಕೈ ನಡುಗಿತು, ತೋಳು ನಡುಗಿತು, ಕೊನೆಗೆ ಹಲ್ಲು ಸಹ ಕಟಕಟ ಅನ್ನತೊಡಗಿದವು. ಅವರು ಮೆಲ್ಲಗೆ ಪಿಸ್ತೂಲು ತೆಗೆದುಕೊಂಡರು.

ಅವರ ಹೆಂಡತಿ ಅಮೀನಬಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಆ ಪಿಸ್ತೂಲಿನ ಜೊತೆ ಐವತ್ತು ವರ್ಷ ಬಾಳ್ವೆ ಮಾಡಿದವರು. ಚುನಾವಣೆ ಬಂದಾಗ ಪರವಾನಗಿ ಇದ್ದವರೆಲ್ಲ ಹತ್ಯಾರವನ್ನು ಠಾಣೆಯಲ್ಲಿ ಇಟ್ಟು ಚೀಟಿ ತರಬೇಕಲ್ಲ, ಅದನ್ನೇ ನೆನೆದು ಹೇಳಿದರು: "ಇಲೆಕ್ಷನ್ ಬಂತಂದ್ರ ನನಗ ಹಬ್ಬ ಬಂದಂಗ ಯವ್ವಾ. ಮನ್ಯಾಗ ಅದು ಇಲ್ಲಂದ್ರ ಇವ್ರು ಸಿಟ್ಟಿಗೆದ್ರೂ ಬರೇ ಸಿಟ್ಟ. ಇತ್ತಂದ್ರ ನಾ ಅವ್ರ ಕೈ ನೋಡ್ತಿದ್ನಿ." ಖಾದರಬಾಷಾ ಯಾವತ್ತೂ ಅದನ್ನು ತೋರಿಸಿ ಹೆದರಿಸಿದವರಲ್ಲವಂತೆ, ಬೈದವರೂ ಅಲ್ಲವಂತೆ. ಆದರೂ ಐವತ್ತು ವರ್ಷ ಈಕೆ ಕೈ ನೋಡಿದ್ದಾರೆ.

ಆಮೇಲೆ ನನ್ನ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು, "ಇದು ಬಿದ್ದು ಮುರಿದದ್ದಲ್ಲ. ಮನಿಯವ್ರೇನು?" ಎಂದು ಕೇಳಿದರು.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ಹೆಸರ ಹೇಳಾಕ ಬರಂಗಿಲ್ಲ ನಿನಗ, ಗುಂಡ ಹಾರಸಾಕ ಬರತೈತೇನು?" ಎಂದರು.

ಈಗ ನಿಜ ಹೇಳುತ್ತೇನೆ. ಯಾರೋ ಬರುತ್ತಿದ್ದಾರೆ ಎಂದು ಮೇಲೆ ಬರೆದೆನಲ್ಲ, ಯಾರು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಹಿತ್ತಲ ಬಾಗಿಲಿನ ಅಗಳಿಯನ್ನು ಹೊರಗಿನಿಂದ ತಗಡಿನ ಪಟ್ಟಿಯಿಂದ ಎತ್ತಿ ಎಡಕ್ಕೆ ಸರಿಸಿದರೆ ಸದ್ದಿಲ್ಲದೆ ತೆರೆಯುತ್ತದೆ. ಅದು ಗೊತ್ತಿರುವುದು ಮನೆಯವರಿಗೆ ಮಾತ್ರ. ಮೂರು ಸಲವೂ ಆ ಬಾಗಿಲ ಚೌಕಟ್ಟಿನ ಮೇಲೆ, ಭುಜದ ಎತ್ತರಕ್ಕೆ, ಒಂದು ಬೆರಳಿನ ಸುಣ್ಣ ಒರೆಸಿತ್ತು. ತಂಬಾಕು ತಿಕ್ಕಿ ಉಳಿದ ಸುಣ್ಣವನ್ನು ಅಲ್ಲೇ ಒರೆಸಬೇಡಿ ಎಂದು ಬೈದು ಬೈದು, ಇಪ್ಪತ್ತೆರಡು ವರ್ಷ ಒದ್ದೆ ಅರಿವೆಯಿಂದ ಒರೆಸಿದವಳು ನಾನು. ಈ ಸಲವೂ ಪೊಲೀಸರು ಬರುವ ಮೊದಲು ಒರೆಸಿದೆ.

ಗಂಡನ ಹೆಸರು ಹೇಳಬಾರದು ಎಂದು ಅವ್ವ ಕಲಿಸಿದ್ದಳು. ಮದುವೆಯಲ್ಲಿ ಒಡಪು ಹಾಕಿ, ಪದ್ಯದ ನಡುವೆ ಸೇರಿಸಿ ಒಮ್ಮೆ ಹೇಳಿದ್ದು ಬಿಟ್ಟರೆ ಇಲ್ಲಿಯವರೆಗೆ ಹೇಳಿಲ್ಲ. ಬ್ಯಾಂಕಿನ ಕಾಗದದ ಮೇಲೆ ಬರೆದಿದ್ದೇನೆ, ಬಾಯಿಂದ ಆಡಿಲ್ಲ. ನಿಮ್ಮ ಹೆಸರೋ, ಇಳಕಲ್ಲಿನಲ್ಲಿ ಕಲ್ಲು ಒಗೆದರೆ ಅದೇ ಹೆಸರಿನವನ ತಲೆಗೆ ಬೀಳುತ್ತದೆ. ಆ ಹೆಸರಿನ ಕಿರಾಣಿ ಅಂಗಡಿಯವನನ್ನು "ಬೆಲ್ಲದ ಅಂಗಡಿ ಅಣ್ಣ" ಎಂದೆ, ಲೈನ್‌ಮನ್ನನ್ನು "ಕರೆಂಟಿನವ" ಎಂದೆ. ಎಲ್ಲರೂ ನಗುತ್ತಿದ್ದರು, ನನಗೂ ಒಳಗೊಳಗೇ ಹೆಮ್ಮೆ ಇತ್ತು. ಆ ಹೆಮ್ಮೆಗೇ ಅರ್ಬಾಜ ಒಂದು ದಿನ ಬೆಂಚಿನ ಮೇಲೆ ಕೂತ.

ಪಿಸ್ತೂಲು ಕೊಂಡರೆ ಎಲ್ಲಿ ಇಡುವುದು ಎಂದು ಮೂರು ದಿನ ಯೋಚಿಸಿದೆ. ಜೋಳದ ಡಬ್ಬಿ, ದೇವರ ಜಗಲಿಯ ಹಿಂದಿನ ಗೂಡು, ಟ್ರಂಕಿನ ತಳ. ನಾನು ಬಚ್ಚಿಡುವ ಜಾಗ ಒಂದೂ ನಿಮಗೆ ಗೊತ್ತಿಲ್ಲದ್ದಲ್ಲ. ನಾನು ಸಂತೆಗೆ ಹೋದಾಗ ನೀವು ಬರುತ್ತೀರಿ. ಹನ್ನೆರಡು ವರ್ಷದ ಹಿಂದೆ ಸರಕಾರ ನಿಮಗೆ ಕೊಡದೆ ಹೋದದ್ದನ್ನು ನಾನೇ ನನ್ನ ಹೆಸರಿನಲ್ಲಿ ಕೊಂಡು, ಗುಂಡು ಸಮೇತ ತಂದು, ನಿಮಗಾಗಿ ಮನೆಯಲ್ಲಿ ಇಟ್ಟಂತೆ ಆಗುತ್ತಿತ್ತು.

ಬಾಗಲಕೋಟೆಯಿಂದ ನೀಲಾ ಫೋನು ಮಾಡಿದ್ದಳು. ನೀವು ಅವಳ ಹಾಸ್ಟೆಲಿನ ಗೇಟಿನ ಎದುರು ಎರಡು ಸಲ ನಿಂತಿದ್ದಿರಂತೆ, ಕರೆಯಲೂ ಇಲ್ಲ, ಮಾತಾಡಲೂ ಇಲ್ಲ. ಪಿಸ್ತೂಲಿನ ಮಾತು ಕೇಳಿ ಅವಳು ಅತ್ತಳು. "ನೀ ಅದನ್ನ ತಗೊಂಡಿ ಅಂದ್ರ ನಾ ಮನಿಗೆ ಬರಂಗಿಲ್ಲ ಯವ್ವಾ. ಇಬ್ಬರಾಗ ಒಬ್ಬರ ಹೆಣ ನೋಡಾಕ ನಾ ನರ್ಸಿಂಗ್ ಕಲಿಯಾಕತ್ತಿಲ್ಲ" ಎಂದಳು. ನನ್ನ ಕೈ ಹೇಗೆ ಮುರಿಯಿತು ಎಂದು ಅವಳಿಗೆ ಅವತ್ತೇ ಗೊತ್ತಿತ್ತಂತೆ, ಬಾಗಿಲ ಸಂದಿಯಿಂದ ನೋಡಿದ್ದಳಂತೆ. ಮೂರು ವರ್ಷ ನಾನು ಅವಳಿಗೆ ಸುಳ್ಳು ಹೇಳಿದೆ, ಅವಳು ನಂಬಿದ ಹಾಗೆ ಇದ್ದಳು.

ಪಿಸ್ತೂಲು ಬೇಡವೆಂದು ಇವತ್ತು ಬೆಳಿಗ್ಗೆ ಖಾದರಬಾಷಾ ಅವರಿಗೆ ಹೇಳಿ ಕಳಿಸಿದೆ. ಸಲಹೆ ಕೇಳುತ್ತೇನೆ ಎಂದು ಶುರು ಮಾಡಿದ್ದು ಸುಳ್ಳು. ಇಷ್ಟು ಬರೆಯಲು ಧೈರ್ಯ ಬರಲಿ ಎಂದು ಹಾಗೆ ಶುರು ಮಾಡಿದೆ. ಹೆದರಿಕೆ ಹೋಗಿಲ್ಲ. ಇದನ್ನು ಬರೆಯುವಾಗಲೂ ನಾಲ್ಕು ಸಲ ಎದ್ದು ಹಿತ್ತಲ ಬಾಗಿಲು ನೋಡಿ ಬಂದಿದ್ದೇನೆ. ಆ ಅಗಳಿ ಕಿತ್ತು ಅರ್ಬಾಜ ಕಬ್ಬಿಣದ ಚಿಲಕ ಹಾಕಿಕೊಟ್ಟಿದ್ದಾನೆ. ಇನ್ನು ಬರಬೇಡಿ.

ನಿಮ್ಮ ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ, ರೂಢಿಯಿಂದ ಬಂತು, ಹೊಡೆದು ಹಾಕುವುದಿಲ್ಲ.

ಇಂತಿ,
ನೀಲಾಳ ಅವ್ವ
ಕಸ್ತೂರಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದರ ಝೆರಾಕ್ಸ್ ತೆಗೆಸಿ, ಅರ್ಬಾಜನನ್ನು ಕರೆದುಕೊಂಡು ಠಾಣೆಗೆ ಹೋಗಿ ಬಂದೆ. ಸಾಹೇಬರು ಹಳೆಯ ಪ್ರಶ್ನೆಯನ್ನೇ ಕೇಳಿದರು. ಇದರಲ್ಲಿ ಎಲ್ಲ ಇದೆ ಎಂದು ಪತ್ರ ಮುಂದೆ ಇಟ್ಟೆ. ಪೂರ್ತಿ ಓದಿ, "ಇದರಾಗ ಹೆಸರ ಇಲ್ಲಲ್ರೀ, ಬಾಯಿಂದ ಹೇಳ್ರಿ" ಎಂದರು. ಅರ್ಬಾಜ ನೀರಿನ ಲೋಟ ತಂದು ಕೈಗೆ ಕೊಟ್ಟ, ಈ ಸಲ ನನ್ನ ಮುಖ ನೋಡಿದ. ಹೇಳಿದೆ: ಮಹಾಂತೇಶ ಅಮಾತೆಪ್ಪ ಗಂಜಿಹಾಳ. ಧ್ವನಿ ಸಣ್ಣದಾಗಿತ್ತೇನೋ, ಬರೆದುಕೊಳ್ಳುವವರು "ಇನ್ನೊಮ್ಮೆ ಹೇಳ್ರಿ" ಎಂದರು. ಇನ್ನೊಮ್ಮೆ ಹೇಳಿದೆ.