ಏಣಿ ಹಿಡಿದವರಿಗೊಂದು ಬೋರ್ಡು

ಮನೆ, ಹಿತ್ತಿಲಿನ ಬಣ್ಣದ ಕೋಣೆ
ಏಪ್ರಿಲ್ ತಿಂಗಳ ಮೊದಲ ಭಾನುವಾರ, ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕಾಲು ಹೇಗಿದೆ? ಈಗ ಕೋಲಿಲ್ಲದೆಯೇ ಅಂಗಡಿಯ ಮೆಟ್ಟಿಲು ಹತ್ತುತ್ತೀಯೆಂದು ಮಾವ ಹೇಳಿದರು. ಆ ಸುದ್ದಿ ಕೇಳಿದ ಖುಷಿಯಲ್ಲಿ ಅಮ್ಮ ಒಲೆಯ ಮೇಲಿಟ್ಟ ಹಾಲನ್ನು ಮರೆತು ಉಕ್ಕಿಸಿಬಿಟ್ಟಳು. ರಾತ್ರಿ ನೋವು ಬರುತ್ತದೆಯೇ? ಡಾಕ್ಟರು ಹೇಳಿದ ವ್ಯಾಯಾಮವನ್ನು ಮಾಡುತ್ತೀಯೋ, ಮಾಡಿದೆನೆಂದು ಅತ್ತೆಗೆ ಬುರುಡೆ ಬಿಡುತ್ತೀಯೋ? ಫೋನು ಮಾಡಿದರೆ ನಿನ್ನ ಬಾಯಿಂದ ಬರುವುದು "ಹೂಂ, ಚೆನ್ನಾಗಿದ್ದೀನಿ" ಅಷ್ಟೇ, ಅದಕ್ಕೇ ಬರೆಯಲು ಕೂತೆ. ಗೋಡೆ ಕಂಡರೆ ಹತ್ತುತ್ತಿದ್ದ ಕೋತಿ ನೀನು. ಈಗ ಮಾವನ ಗಡಿಯಾರದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂತಲ್ಲಿಂದ ಏಳದೆ, ಸಾಸಿವೆಯಷ್ಟು ತಿರುಪುಗಳನ್ನು ಬಿಚ್ಚುತ್ತೀಯಂತೆ. ನೆನೆಸಿಕೊಂಡರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಇಲ್ಲಿ ಬೂರುಗದ ಮರಗಳು ಮತ್ತೆ ಹತ್ತಿ ಬಿಡುತ್ತಿವೆ. ವಾಚನಾಲಯದ ರಸ್ತೆಯ ತುಂಬ ಆ ಬಿಳಿ ಎಳೆಗಳು ಬೀಳುವ ಅವಸರವೇ ಇಲ್ಲದೆ ತೇಲಾಡುತ್ತವೆ. ಬೆಳಗ್ಗೆ ಕಿಟಕಿ ತೆರೆದರೆ ಒಂದೆರಡು ಒಳಗೆ ಬಂದು, ಕೋಣೆಯನ್ನೆಲ್ಲ ನೋಡಿಕೊಂಡು, ಅಪ್ಪನ ಹೊಲಿಗೆ ಯಂತ್ರದ ಮೇಲೆ ಕೂರುತ್ತವೆ. ಊರಿಗೆ ಊರೇ ಅರೆನಿದ್ದೆಯಲ್ಲಿ ಇದ್ದ ಹಾಗಿದೆ. ಪೊರಕೆ ಹಿಡಿದವರು ಗುಡಿಸುವುದನ್ನು ಮರೆತು ಮೇಲೆ ನೋಡುತ್ತಾ ನಿಲ್ಲುತ್ತಾರೆ. ನನ್ನ ಕಥೆ ಕೇಳಲೇಬೇಡ. ಅಕ್ಷರ ಬರೆಯುತ್ತಾ ಬರೆಯುತ್ತಾ ನಾನು ಎಲ್ಲಿಗೋ ಹೋಗಿಬಿಡುತ್ತೇನೆ, ವಾಪಸು ಬಂದು ನೋಡಿದರೆ ಕುಂಚದ ಬಣ್ಣ ಒಣಗಿರುತ್ತದೆ. ಮೊನ್ನೆ ಹೋಟೆಲಿನವರ ಬೋರ್ಡಿನಲ್ಲಿ "ಊಟ ತಯಾರಿದೆ" ಎಂಬಲ್ಲಿ ಊಟವನ್ನೇ ಬಿಟ್ಟಿದ್ದೆ. ಅವರು ಬೈಯಲಿಲ್ಲ, ಅವರಿಗೂ ಈ ಗಾಳಿ ತಗುಲಿತ್ತೋ ಏನೋ.

ಮರಗಳು ಹತ್ತಿ ಬಿಟ್ಟವೆಂದರೆ ಊರೆಲ್ಲ ಸೇರಿ ಬೀದಿ ಗುಡಿಸುವ ಸ್ವಚ್ಛತೆಯ ಭಾನುವಾರ ಬಂತು, ಅದರ ಹಿಂದೆ ನನ್ನ ಎಚ್ಚರಿಕೆಯ ಬೋರ್ಡುಗಳೂ ಹೊರಗೆ ಬಂದವು. ಒರೆಸಿ, ಮಾಸಿದ ಕಡೆ ಬಣ್ಣ ತುಂಬಿ ಎಲ್ಲವನ್ನೂ ಗೋಡೆಗೆ ಒರಗಿಸಿದೆ. ಯಾವುದರ ಮೇಲೂ ಯಾರ ಹೆಸರೂ ಇಲ್ಲ, ಆದರೂ ಯಾವುದು ಯಾರಿಂದ ಹುಟ್ಟಿತೆಂದು ಊರಿಗೆಲ್ಲ ಗೊತ್ತು. "ಒಣಗಿದ ಎಲೆಗೆ ಬೆಂಕಿ ಹಚ್ಚಬೇಡಿ" ಎಂಬುದು ಬೇಕರಿಯವರ ಬೋರ್ಡು, ಅವರ ಬೇಲಿಯ ಜೊತೆ ಅರ್ಧ ಮೀಸೆಯೂ ಹೋಗಿತ್ತಲ್ಲ. "ಜೇನುಗೂಡಿಗೆ ಕಲ್ಲೆಸೆಯಬೇಡಿ" ಎಂಬುದು ಅಂಚೆಯಣ್ಣನ ಬೋರ್ಡು. "ನಿಂತ ನೀರು ಚೆಲ್ಲಿ, ಸೊಳ್ಳೆ ಕೊಲ್ಲಿ" ಎಂಬುದು ಡಾಕ್ಟರಮ್ಮನದು. ಊರಿಗೆಲ್ಲ ಬುದ್ಧಿ ಹೇಳಿ, ತಮ್ಮದೇ ಹೂಕುಂಡದ ಸೊಳ್ಳೆ ಕಚ್ಚಿ ಜ್ವರ ಬಂದು ಮಲಗಿದ್ದರು. ತಮ್ಮ ತಮ್ಮ ಬೋರ್ಡಿನ ಮುಂದೆ ಹಾದುಹೋಗುವಾಗ ಇವರೆಲ್ಲ ಬೇರೆ ಕಡೆ ನೋಡುವುದು, ಉಳಿದವರು ಕೆಮ್ಮುವುದು ನಡೆದೇ ಇದೆ. ಯಾರಿಗೂ ಅದರಿಂದ ಬೇಜಾರಿಲ್ಲ.

ಆದರೆ ಈ ವರ್ಷ ಹೊಸ ಬೋರ್ಡೊಂದು ಆಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಹೆದರಿದ್ದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಸಿಡುಕಬೇಡ. ಹೋದ ವರ್ಷ ಇದೇ ದಿನ ವಾಚನಾಲಯದ ಮಾಡಿನ ಅಂಚಿನಲ್ಲಿ, ಮಳೆನೀರು ಹರಿಯುವ ತಗಡಿನ ದೋಣಿಯಿಂದ ನೀನು ಎಲೆ ತೆಗೆಯುತ್ತಿದ್ದೆ, ಅಪ್ಪ ಕೆಳಗೆ ಏಣಿ ಹಿಡಿದಿದ್ದರು. ನೀನು ಬಿದ್ದಾಗ ನಾನು ಇನ್ನೊಂದು ಬೀದಿಯಲ್ಲಿದ್ದೆ. ಆಸ್ಪತ್ರೆಗೆ ಓಡಿ ಬಂದಾಗ ಅಪ್ಪ ಡಾಕ್ಟರಿಗೆ, "ಅವಸರದ ಹುಡುಗ, ಅವನೇ ಕಾಲು ಜಾರಿದ" ಎನ್ನುತ್ತಿದ್ದರು. ನೀನು ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ನನ್ನ ಹತ್ತಿರ ಮಾತ್ರ ಹೇಳಿದೆ, "ಏಣಿ ಕೆಳಗಿಂದ ಹಗುರ ಆಯ್ತು ಅಕ್ಕಾ." ಅಷ್ಟೇ. ಚಿಕಿತ್ಸೆಗೆ ಹತ್ತಿರವೆಂದು ಮಾವನ ಮನೆಗೆ ಹೋದವನು ಕಾಲು ಕೂಡಿದ ಮೇಲೂ ಬರಲಿಲ್ಲ. ಅಪ್ಪ ಕರೆಯಲಿಲ್ಲ, ನೀನು ಕೇಳಲಿಲ್ಲ, ನಾನೂ ಅಮ್ಮನೂ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕೂತೆವು. ಕತ್ತರಿ ಹಿಡಿದರೆ ಸಾಕು ಶಿಳ್ಳೆ ಹೊಡೆಯುತ್ತಿದ್ದ ಅಪ್ಪ ಒಂದು ವರ್ಷ ಶಿಳ್ಳೆ ಹೊಡೆದಿಲ್ಲ ಕಣೋ.

ಹೋದ ವಾರ ಸ್ವಚ್ಛತೆಯ ಸಮಿತಿಯ ಸಭೆ ವಾಚನಾಲಯದಲ್ಲೇ ನಡೆಯಿತು. ಅಧ್ಯಕ್ಷರು ನಮ್ಮ ನಿವೃತ್ತ ಹೆಡ್‌ಮಾಸ್ತರು. ಯಾವ ಬೀದಿಗೆ ಯಾರು, ಗಾಜಿನ ಚೂರನ್ನು ಬರಿಗೈಯಲ್ಲಿ ಮುಟ್ಟಬಾರದು, ಪೊದೆಯೊಳಗೆ ಕೋಲಾಡಿಸದೆ ಕೈ ಹಾಕಬಾರದು, ಮಕ್ಕಳು ತಂತಿಯ ಹತ್ತಿರ ಗಾಳಿಪಟ ಬಿಡಬಾರದು ಎಂದೆಲ್ಲ ಎಂದಿನಂತೆ ಓದಿದರು. ನಾನು ಕಿಟಕಿಯ ಕಡೆ ನೋಡುತ್ತಾ ಹತ್ತಿಯ ಜೊತೆ ಎಲ್ಲೋ ತೇಲುತ್ತಿದ್ದೆ. ಕೊನೆಗೆ ಅವರು ಗಂಟಲು ಸರಿಮಾಡಿಕೊಂಡು, "ಹೊಸ ಬೋರ್ಡು: ಏಣಿ ಹತ್ತುವವರು ಅವಸರ ಮಾಡಬಾರದು" ಎಂದರು. ಸಂಜೆಯೊಳಗೆ ಅದು "ಟೈಲರ್ ಮಗನ ಬೋರ್ಡು" ಆಗುತ್ತದೆ. ನೀನು ಎಂದಾದರೂ ಬಂದರೆ ಬಸ್ಸಿಳಿದು ಮೊದಲು ಓದುವುದು ಅದನ್ನೇ, ಅದೂ ನಿನ್ನ ಅಕ್ಕನ ಕೈಬರಹದಲ್ಲಿ. ನನ್ನ ಕೋಪ ನಿನಗೆ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. ಬೇರೆಯವರಿಂದ ಬರೆಸಿಕೊಳ್ಳಿ ಎನ್ನಲು ಎದ್ದೇ ನಿಂತೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

ಅಪ್ಪ ಎದ್ದಿದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಅಂಗಡಿಯಿಂದ ನೇರ ಬಂದಿದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಅವನು ಅವಸರ ಮಾಡ್ಲಿಲ್ಲ. ಏಣಿ ಹಿಡಿದಿದ್ದೋನು ನಾನು. ಫೋಟೊದವರು ಈ ಕಡೆ ನೋಡಿ ಅಂದ್ರು, ಕಾಲರ್ ಸರಿ ಮಾಡ್ಕೊಳ್ಳೋಣ ಅಂತ ಎರಡೂ ಕೈ ಬಿಟ್ಟೆ. ಆಸ್ಪತ್ರೇಲಿ ಸುಳ್ಳು ಹೇಳ್ದೆ. ಬರೆಯೋದಾದ್ರೆ ಹಿಡಿದೋರಿಗೆ ಬರೀರಿ." ಊರಿನವರ ಕಾಲರುಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ ಮನುಷ್ಯ ಅಷ್ಟು ಹೇಳಿ ಕೂತುಬಿಟ್ಟರು. ಫೋಟೊದವರು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನಗೆ ಸಿಟ್ಟು ಬಂತು, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು. ಆದರೆ ಅಪ್ಪನನ್ನು ಅಷ್ಟು ಪ್ರೀತಿಯಿಂದ ನಾನು ಎಂದೂ ನೋಡಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬೋರ್ಡು ಬರೆದ ದಿನ ಅವರೇ ಈ ಕೋಣೆಗೆ ಬಂದರು. ಗೆರೆ ಹೊಡೆಯಲು ಸುಣ್ಣದ ದಾರದ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಲ್ಲ, ಬಂದು ಹಿಡಿದರು. ನಾನು ದಾರವನ್ನು ಮೀಟಿದೆ, ಹಲಗೆಯ ಮೇಲೆ ಬಿಳಿ ಗೆರೆ ನೆಟ್ಟಗೆ ಬಿತ್ತು. "ಏಣಿ ಹಿಡಿದವರು ಕೈ ಬಿಡಬಾರದು." ಬರೆಯುವಾಗ ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು. "ಹಿಡಿದವರು ಅನ್ನೋದು ಇನ್ನೂ ಸ್ವಲ್ಪ ದಪ್ಪ ಆಗ್ಲಿ" ಎಂದರು, ಗಿರಾಕಿಗಳು ತೋಳು ಇನ್ನೂ ಸ್ವಲ್ಪ ಉದ್ದ ಬೇಕು ಎನ್ನುವಂತೆ. ದಪ್ಪ ಮಾಡಿದೆ. ಕೆಂಪು ಬಣ್ಣ ಒಣಗುವವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ನಾನು ಚಹಾ ತಂದುಕೊಟ್ಟೆ, ಇಬ್ಬರೂ ಕುಡಿದೆವು.

ಇವತ್ತು ಬೆಳಗ್ಗೆ ಅದನ್ನು ವಾಚನಾಲಯದ ಗೋಡೆಗೆ ಹೊಡೆದರು. ಬೇಕರಿಯವರು ಓದಿ, ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಬನ್ನಿ ಟೈಲರಣ್ಣ, ನಮ್ಮ ಸಾಲಿಗೆ ಸೇರಿದ್ರಿ" ಎಂದರು. ಅಂಚೆಯಣ್ಣ ಕೆಮ್ಮಿದ. ಅಪ್ಪ ನಕ್ಕರೋ, ಅತ್ತರೋ, ಮುಖ ಒಂದು ಥರ ಆಯಿತು. ಆಮೇಲೆ ಆ ದೋಣಿಯ ಎಲೆ ತೆಗೆಯುವ ಸರದಿ ಬಂತು. ಅಪ್ಪ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಯಾರೂ ಅವರನ್ನು ಕರೆಯಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು, "ಅಪ್ಪಾ, ಹಿಡ್ಕೋ ಬಾ" ಎಂದೆ. ಸುತ್ತ ಪೊರಕೆಗಳೆಲ್ಲ ನಿಂತವು. ಅವರು ಬಂದು ಹಿಡಿದರು, ನಾನು ಹತ್ತಿದೆ.

ಮೇಲಿನಿಂದ ನಮ್ಮ ಊರು ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತಾ? ನೀನು ಯಾಕೆ ಸದಾ ಹತ್ತುತ್ತಿದ್ದೆ ಎಂದು ಈಗ ಗೊತ್ತಾಯಿತು. ಬೀದಿಗಳು ಗುಡಿಸಿ ಗುಡಿಸಿ ಹಗುರಾಗಿದ್ದವು, ಧೂಳು ಬಿಸಿಲಿನಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು, ಜನರ ಮಾತು ನೀರಿನಡಿಯಿಂದ ಕೇಳಿದಂತೆ ಕೇಳುತ್ತಿತ್ತು. ದೋಣಿಯ ತುಂಬ ಒದ್ದೆ ಎಲೆ, ಹತ್ತಿ, ಒಂದು ಹಳೆಯ ಚೆಂಡು. ಒಂದೊಂದೇ ಹಿಡಿ ತೆಗೆದು ಬುಟ್ಟಿಗೆ ಹಾಕಿದೆ, ಬೇಕೆಂದೇ ನಿಧಾನ ಮಾಡಿದೆ. ಆಮೇಲೆ ಕೆಳಗೆ ನೋಡಿದೆ. ಹತ್ತಿ ಅಪ್ಪನ ತಲೆಯ ಮೇಲೆ, ಹುಬ್ಬಿನ ಮೇಲೆ, ಮೂಗಿನ ತುದಿಯ ಮೇಲೆಲ್ಲ ಕೂತಿತ್ತು. ಅವರು ಒರೆಸಿಕೊಳ್ಳಲಿಲ್ಲ. ಎರಡು ಸಲ ಜೋರಾಗಿ ಸೀನಿದರು, ಕಣ್ಣಲ್ಲಿ ನೀರು ಬಂತು, ಆದರೂ ಕೈ ಏಣಿಯ ಮೇಲೇ ಇತ್ತು. ನಾನು ಇಳಿದು ನೆಲಕ್ಕೆ ಕಾಲಿಟ್ಟ ಮೇಲೂ ಬಿಟ್ಟಿರಲಿಲ್ಲ. "ಸಾಕಪ್ಪಾ, ಇಳಿದೆ" ಎಂದು ನಾನೇ ಬಿಡಿಸಬೇಕಾಯಿತು.

ಇಷ್ಟು ನಮ್ಮ ಕಡೆಯ ಸುದ್ದಿ. ಕ್ಷಮಿಸು ಎಂದು ನಾನು ಹೇಳುವುದಿಲ್ಲ, ಅದು ನಾನು ಹೇಳುವ ಮಾತಲ್ಲ. ಮನೆ ನೀನಿಲ್ಲದೆ ಬಿಕೋ ಎನ್ನುತ್ತದೆ, ಇದು ಮಾತ್ರ ನನ್ನ ಮಾತು. ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸು. ಅಮ್ಮ ಕಳಿಸಿದ ಎಣ್ಣೆಯನ್ನು ದಿನಾ ಕಾಲಿಗೆ ತಿಕ್ಕಿಕೋ, ಮೂಲೆಯಲ್ಲಿಡಬೇಡ. ನಿನಗೆ ಅಕ್ಕನ ಆಶೀರ್ವಾದ, ಬೇಡವೆಂದರೂ.

ನಿನ್ನ
ಅಕ್ಕ

ಮರೆತಿದ್ದು: ಸೋಮವಾರ ಬೆಳಗ್ಗೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಅಪ್ಪನೇ ತರುತ್ತಿದ್ದಾರೆ, ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾರೆ. ಅತ್ತೆಯ ಕೈಗೆ ಕೊಟ್ಟು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲುತ್ತಾರಂತೆ. "ಅವನು ಪೂರ್ತಿ ಓದ್ಲಿ. ಕರೆದ್ರೆ ಒಳಗೆ ಹೋಗ್ತೀನಿ, ಇಲ್ಲಾಂದ್ರೆ ಸಂಜೆ ಬಸ್ಸಿಗೆ ವಾಪಸ್ ಬರ್ತೀನಿ" ಎಂದಿದ್ದಾರೆ. ಅಯ್ಯೋ, ಇಷ್ಟು ಉದ್ದ ಬರೆಯಬಾರದಿತ್ತು ಕಣೋ. ನೀನು ಓದುತ್ತಿರುವ ಇಷ್ಟು ಹೊತ್ತೂ ಅವರು ಬಿಸಿಲಲ್ಲೇ ನಿಂತಿದ್ದಾರೆ. ಕಿಟಕಿಯಿಂದ ನೋಡು.